ಅಮ್ಮನ ಬತ್ತಿ

"ಮಾತೇಯ್, ನನ್ನ ಬತ್ತಿ ತಂದ್ಕೊಡೋ. ಹೊತ್ತಾಯ್ತು," ಎಂದಳು ಹಾಸಿಗೆ ಹಿಡಿದಿದ್ದ ಮುದುಕಿ ದೊರೋತಾ.

ಬೂಟು ಹೊಲಿಯುವ ಕಸುಬಿನ ಅವಳ ಮಗ ಮಾತೇಯ್ ಕೈಲಿದ್ದ ದಾರ ಕೆಳಗಿಟ್ಟ. ಪೀಸೆಕ್ ಪೇಟೆಯಲ್ಲಿ ಸಾಯುವವರ ಕೈಗೆ ಪಾದ್ರಿ ಮಂತ್ರಿಸಿ ಕೊಟ್ಟ ಮೇಣದ ಬತ್ತಿ ಹಚ್ಚಿ ಹಿಡಿಸುವುದು ವಾಡಿಕೆ. ಹಿಡಿಯಲು ತ್ರಾಣವಿಲ್ಲದ ಕೈಯನ್ನು ಮನೆಯವರು ಸುತ್ತಿ ಹಿಡಿದಿರುತ್ತಾರೆ. ಆ ಬೆಳಕಲ್ಲೇ ಜೀವಕ್ಕೆ ದಾರಿ ಕಾಣಬೇಕು. ಆದರೆ ಮುದುಕಿಯ ಬತ್ತಿ ಈಗ ಊರವರ ಬೂಟಿನ ಹೊಲಿಗೆಯಲ್ಲಿತ್ತು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಬತ್ತಿ ಗಿತ್ತಿಯೆಲ್ಲ ಬರೀ ಕಂದಾಚಾರ ಎನ್ನುವ ಪ್ರಾಗಿನ ಹೊಸ ಬೋಧಕರ ಮಾತು ತಲೆಗೇರಿದ್ದೇ ತಡ, ಮಾತೇಯ್ ಅಮ್ಮನ ಬತ್ತಿಯನ್ನು ಹೊಲಿಯುವ ದಾರಕ್ಕೆ ಉಜ್ಜಿ ಉಜ್ಜಿ ಮುಗಿಸಿದ್ದ.

"ಪಕ್ಕದ ಮನೇಲಿ ಕೇಳ್ಲೇನ್ರೀ?" ಹೆಂಡತಿ ಸ್ಲಾವಾ ಪಿಸುಗುಟ್ಟಿದಳು.

"ಯಾರು ಕೊಡ್ತಾರೆ? ಸಂತೇಲಿ ನಿಂತು ಅವರ ಬತ್ತೀಗೆಲ್ಲ ಉಗಿದಿದ್ದೀನಲ್ಲ!"

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ತಾಯಿಯ ಪಕ್ಕ ಕೂತು ಹೇಳಿಬಿಟ್ಟ.

"ಅಯ್ಯೋ ಪಾಪಿ! ನನ್ನ ಬತ್ತೀನ ಊರೋರ ಕಾಲಿಗೆ ಹೊಲಿದ್ಬಿಟ್ಯಾ?"

"ಅದು ಬರೀ ಮೇಣ ಅಮ್ಮ. ಚರ್ಚು ಅಂದ್ರೆ ಬತ್ತಿ ಅಲ್ಲ, ಗಂಟೆ ಅಲ್ಲ, ಪಾದ್ರೀನೂ ಅಲ್ಲ. ದೇವರು ಆರಿಸ್ಕೊಂಡೋರೆಲ್ಲ ಸೇರಿದ್ರೆ ಅದೇ ಚರ್ಚು."

"ಆಗ್ಲಿ. ಆ ಆರಿಸ್ಕೊಂಡೋರಲ್ಲಿ ನಾನಿದ್ದೀನಾ?"

ಯಾರನ್ನು ಆರಿಸಿದ್ದಾನೆಂದು ದೇವರೊಬ್ಬನೇ ಬಲ್ಲ, ಪೋಪ್‌ಗೆ ತನ್ನ ಗತಿಯೇ ಗೊತ್ತಿಲ್ಲ ಎಂದು ಮಾತೇಯ್ ಸಂತೆಯಲ್ಲಿ ಕೂಗಿದಾಗ ಜನ ಕೇಕೆ ಹಾಕಿದ್ದರು; ಮನೆಗೆ ಬಂದು ಅಮ್ಮನಿಗೂ ಅದನ್ನೇ ಹೇಳಿ ನಕ್ಕಿದ್ದ. ಅದೇ ಮಾತನ್ನು ಈಗ ಮೆಲ್ಲಗೆ ಹೇಳಿದ.

"ಅದು... ದೇವರೊಬ್ಬನಿಗೇ ಗೊತ್ತಮ್ಮ."

"ಬತ್ತೀನೂ ಇಲ್ಲ, ಗೊತ್ತೂ ಇಲ್ಲ. ಕತ್ತಲಲ್ಲೇ ಹೋಗು ಅಂತೀಯೇನೋ?"

ಅವಳು ಏದುಸಿರು ಬಿಡತೊಡಗಿದಳು. ಇಲ್ಲದ ಬತ್ತಿಗಾಗಿ ಕೈ ಕಂಬಳಿಯ ಮೇಲೆ ತಡಕಾಡುತ್ತಿತ್ತು. ಮಾತೇಯನಿಗೆ ನೋಡಲಾಗಲಿಲ್ಲ. ಮೇಣ ಮೆತ್ತಿದ ತನ್ನ ಎರಡೂ ಕೈಗಳಿಂದ ಅದನ್ನು ಸುತ್ತಿ ಹಿಡಿದ.

"ಇದ್ದೀಯಮ್ಮ. ನೀನಿದ್ದೀಯ."

"ಖಂಡಿತಾನಾ?"

"ದೇವರಾಣೆ."

ತಡಕಾಡುತ್ತಿದ್ದ ಕೈ ಸುಮ್ಮನಾಯಿತು. ಮುದುಕಿ ಕಣ್ಣು ಮುಚ್ಚಿಕೊಂಡೇ ಮಗನನ್ನು ಕೇಳಿದಳು:

"ಪೋಪ್‌ಗೇ ಗೊತ್ತಿಲ್ಲದ್ದು, ನಿನಗ್ಯಾರೋ ಹೇಳಿದ್ದು?"