ಒಪ್ಪಿ ಕೊಟ್ಟ ದನಿ

ಗಂಟಲಿನ ಆಪರೇಷನ್ ಆದಮೇಲೆ ಆಕೆಗೆ ಮಾತು ಹೊರಡುತ್ತಿರಲಿಲ್ಲ. ವಕೀಲರಿಗೆ ಚೀಟಿ ಬರೆದುಕೊಟ್ಟಳು: "ಮುಂಚೆ ಒಂದು ಕಂಪನಿಗೆ ನನ್ನ ದನಿ ರೆಕಾರ್ಡ್ ಮಾಡಿಕೊಟ್ಟಿದ್ದೆ. ಅದು ಸಿಕ್ಕಿದರೆ ನಾನು ಟೈಪ್ ಮಾಡಿದ್ದನ್ನು ಮೊಬೈಲು ನನ್ನ ದನಿಯಲ್ಲೇ ಹೇಳುತ್ತದಂತೆ. ನಮ್ಮಮ್ಮನಿಗೆ ಕಣ್ಣು ಕಾಣಿಸುವುದಿಲ್ಲ, ಚೀಟಿ ಓದಲಾರಳು."

ವಕೀಲರು ಆಕೆ ತಂದಿದ್ದ ಕರಾರುಪತ್ರ ತಿರುವಿದರು. "ಕರಾರು ಅಂದ್ರೆ ಇಷ್ಟೇ ಕಣಮ್ಮಾ. ಅವರು ಕೇಳಿದ್ರು, ನೀವು ಒಪ್ಪಿದ್ರಿ, ಬದಲಿಗೆ ದುಡ್ಡು ಕೊಟ್ರು. ಯಾರಾದ್ರೂ ಬಲವಂತ ಮಾಡಿದ್ರಾ?"

ಆಕೆ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಇದ್ರಲ್ಲಿ ಬರೆದಿರೋ ಹಾಗೆ ಆ ದನಿ ಪೂರ್ತಿ ಅವರದ್ದೇ. ಕೋರ್ಟಿಗೆ ಹೋದ್ರೂ ಪ್ರಯೋಜನ ಇಲ್ಲ. ಫೋನ್ ಮಾಡಿ ಬೇಡ್ಕೊಳ್ಳೋಣ, ಅಷ್ಟೇ."

ಅವರು ಕಂಪನಿಯ ನಂಬರು ಒತ್ತಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಆಕೆಯದೇ ದನಿ ಬಂತು: "ನಮಸ್ಕಾರ. ನಮ್ಮೊಂದಿಗೆ ಮಾತನಾಡಲು ಒಂದನ್ನು ಒತ್ತಿ."