ಸ್ಟೇಡಿಯಂ ಸುಮ್ಮನಾದ ಗಳಿಗೆ

ಕೊಲ್ಲಿ ದೇಶದ ಒಂದು ದೊಡ್ಡ ಊರು... ಅಲ್ಲೊಂದು ಹೊಸ ಫುಟ್‌ಬಾಲ್ ಸ್ಟೇಡಿಯಂ. ಅರಮನೆಯಲ್ಲಿ ಹುಟ್ಟಿದವರೂ ಒಮ್ಮೆ ಕಣ್ಣರಳಿಸಿ ನಿಲ್ಲಬೇಕು, ಅಂಥ ಕಟ್ಟಡ.

ಆ ಊರಿನ ಕನ್ನಡ ಸಂಘದವರು ಒಂದು ರಜೆಯ ದಿನ ಅದರ ಒಳಹೊರಗನ್ನೆಲ್ಲ ನೋಡಿ ಬರೋಣವೆಂದು ಬಸ್ಸು ಮಾಡಿಕೊಂಡು ಹೊರಟರು.

ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ವನಜಾಕ್ಷಿ ಮತ್ತು ಅವಳ ಮಗಳು ಧೃತಿ ಕುಳಿತಿದ್ದರು. ಎಲ್ಲಿಗೆ ಹೋದರೂ ಅವರದು ಬಾಗಿಲ ಪಕ್ಕದ ಜಾಗವೇ...

ಧೃತಿಗೆ ಆಟಿಸಂ. ಬುದ್ಧಿ ಚುರುಕು. ಆದರೆ ಜೋರು ಸದ್ದು ಕಿವಿಗೆ ಬಿದ್ದರೆ ಬೆಂಕಿ ತಗುಲಿದವಳಂತೆ ಚೀರಿ ನೆಲಕ್ಕೆ ಕುಸಿಯುತ್ತಾಳೆ.

ಸ್ವಂತ ತಂಗಿಯ ಮದುವೆಯಲ್ಲೂ ಗಟ್ಟಿಮೇಳ ಶುರುವಾದ ಕೂಡಲೇ ವನಜಾಕ್ಷಿ ಮಗಳನ್ನು ಎತ್ತಿಕೊಂಡು ಛತ್ರದ ಹಿತ್ತಲಿಗೆ ಓಡಿದ್ದಳು. ತಾಳಿ ಕಟ್ಟಿದ್ದನ್ನು ಅವಳು ನೋಡಿದ್ದು ಫೋಟೋದಲ್ಲಿ...

ಇಂಥ ಹುಡುಗಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಟಿವಿಯ ಸದ್ದು ಪೂರ್ತಿ ತೆಗೆದು ಮ್ಯಾಚ್ ನೋಡುತ್ತಾಳೆ. ಸ್ಟೇಡಿಯಂ ಸುದ್ದಿ ಕೇಳಿದ ದಿನದಿಂದ ಅವಳದು ಒಂದೇ ಮಾತು... "ಆ ಹುಲ್ಲಿನ ಮೇಲೆ ನಿಲ್ಬೇಕು."

ಹಿಂದಿನ ಸೀಟಿನಲ್ಲಿ ಸಂಘದ ಅಧ್ಯಕ್ಷರ ಅತ್ತೆ ಚಂದ್ರಮತಿಯಮ್ಮ. ಅವರು ಮುಂದಕ್ಕೆ ಬಾಗಿ, "ಈ ಕೂಸನ್ನ ಯಾಕೆ ಕರ್ಕೊಂಡ್ ಬಂದ್ಯೇ ತಾಯಿ... ಪಾಪ, ಅದಕ್ಕೇನು ತಿಳಿಯುತ್ತೆ?" ಎಂದರು.

"ತಿಳಿಯುತ್ತೆ ಅಮ್ಮ. ಆಫ್‌ಸೈಡ್ ಅಂದ್ರೇನು ಅಂತ ನಂಗೆ ಹೇಳಿಕೊಟ್ಟಿದ್ದೇ ಇವಳು."

"ಹಾಗಾದ್ರೆ ನಮ್ಮಳಿಯನಿಗೂ ಹೇಳಿಕೊಡ್ಲಿ. ಬಾಲು ಯಾವ ಕಡೆ ಹೋಗ್ತಿದೆ ಅಂತ್ಲೇ ಅವ್ನಿಗೆ ಗೊತ್ತಾಗಲ್ಲ."

ಬಸ್ಸೆಲ್ಲ ನಕ್ಕಿತು. ವನಜಾಕ್ಷಿ ಮಾತ್ರ ನಗಲಿಲ್ಲ. ಆ 'ಪಾಪ' ಎನ್ನುವ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು...

ಸ್ಟೇಡಿಯಂ ತೋರಿಸಲು ಬಂದವಳು ಮಿಸ್ರಿಯಾ, ಉಪ್ಪಿನಂಗಡಿ ಕಡೆಯ ಹುಡುಗಿ. ಕನ್ನಡ ಕೇಳಿ ಎಲ್ಲರಿಗೂ ಜೀವ ಬಂದಂತಾಯಿತು.

ಆಟಗಾರರು ಬಟ್ಟೆ ಬದಲಿಸುವ ಕೋಣೆ, ಮೆತ್ತನೆಯ ಚರ್ಮದ ಕುರ್ಚಿಗಳು, ಕಾಲುನೋವಿಗೆ ಇಳಿಯುವ ಐಸ್ ನೀರಿನ ತೊಟ್ಟಿ...

"ಇದ್ರಲ್ಲಿ ನಾನು ಇಳಿದ್ರೆ, ತಿಥಿ ಊಟ ಸಂಘದ ಲೆಕ್ಕಕ್ಕೇ," ಎಂದರು ಅಧ್ಯಕ್ಷರು.

ಆಮೇಲೆ ಮಿಸ್ರಿಯಾ ಒಂದು ಸುರಂಗದ ಬಾಯಿಗೆ ಕರೆತಂದಳು. "ಆಟಗಾರರು ಮೈದಾನಕ್ಕೆ ಇಳಿಯುವ ದಾರಿ ಇದು. ನೀವು ನಡೆಯುವಾಗ ಸ್ಪೀಕರಿನಲ್ಲಿ ಜನರ ಬೊಬ್ಬೆ ಹಾಕ್ತೇವೆ. ಸ್ಟೇಡಿಯಂ ತುಂಬಿದ ಹಾಗೇ ಆಗ್ತದೆ."

ವನಜಾಕ್ಷಿಯ ಕೈ ಮಗಳ ಕೈಯನ್ನು ಬಿಗಿ ಹಿಡಿಯಿತು. ಹುಲ್ಲಿಗೆ ಹೋಗಲು ಇದ್ದದ್ದು ಅದೊಂದೇ ದಾರಿ...

"ನೀವೆಲ್ಲ ಹೋಗಿ ಬನ್ನಿ... ನಾವು ಇಲ್ಲೇ ಇರ್ತೀವಿ." ವರ್ಷಗಟ್ಟಲೆ ಹೇಳಿ ಹೇಳಿ ಅವಳ ನಾಲಿಗೆಗೆ ಪಾಠವಾಗಿದ್ದ ಮಾತು ಅದು.

"ಎಂತ ಆಯ್ತಕ್ಕ?" ಎಂದಳು ಮಿಸ್ರಿಯಾ. ವನಜಾಕ್ಷಿ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು.

ಮಿಸ್ರಿಯಾ ಉಳಿದವರನ್ನು ಜೊತೆಯ ಗೈಡಿಗೆ ಒಪ್ಪಿಸಿ, ತಾಯಿ ಮಗಳನ್ನು ಲಿಫ್ಟಿನಲ್ಲಿ ಮೇಲೆ ಕರೆದೊಯ್ದಳು.

ಅಲ್ಲೊಂದು ಕೋಣೆ... ತಿಳಿ ಬೆಳಕು, ಮೆತ್ತನೆಯ ನೆಲ, ಒಂದು ಉಯ್ಯಾಲೆ. ಎದುರಿಗೆ ಗೋಡೆಯಗಲದ ಗಾಜು. ಗಾಜಿನಾಚೆ ಇಡೀ ಮೈದಾನ. ಒಳಗೆ ಒಂದು ಚೂರೂ ಸದ್ದಿಲ್ಲ.

"ಇದು ಯಾರಿಗೆ... ವಿಐಪಿಗಳ ಮಕ್ಕಳಿಗಾ?" ವನಜಾಕ್ಷಿ ಹೊಸ್ತಿಲಲ್ಲೇ ನಿಂತಿದ್ದಳು.

"ಅಲ್ಲಕ್ಕ. ಸದ್ದು ತಡ್ಕೊಳ್ಳಲಿಕ್ಕೆ ಆಗದ ಮಕ್ಕಳಿಗೆ. ಸ್ಟೇಡಿಯಂ ಕಟ್ಟುವಾಗಲೇ ಇವರನ್ನು ನೆನೆದು ಕಟ್ಟಿದ್ದು. ನೀವು ಬಾಗಿಲಲ್ಲಿ ಯಾಕೆ ನಿಂತದ್ದು? ಒಳಗೆ ಬನ್ನಿ ಮಾರಾಯ್ರೆ, ನಿಮ್ಮದೇ ರೂಮಿದು."

ವನಜಾಕ್ಷಿ ಒಳಗೆ ಬಂದು ಕೂತಳು... ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತನ್ನ ಮಗಳಂಥವರನ್ನು ಯಾರೋ ಮೊದಲೇ ನೆನೆದಿದ್ದರು... ಬಂದ ಮೇಲೆ ಮುಖ ಸಿಂಡರಿಸುವ ಬದಲು, ಬರುತ್ತಾರೆಂದು ಕಾದಿದ್ದರು.

ಅಷ್ಟರಲ್ಲಿ ಕೆಳಗೆ ಸಂಘದವರು ಸುರಂಗದಿಂದ ಹೊರಬಂದರು. ಚಂದ್ರಮತಿಯಮ್ಮ ಸೀರೆ ಎತ್ತಿ ಸಿಕ್ಕಿಸಿ ಗಾಳಿಗೆ ಒಂದು ಕಿಕ್ ಕೊಟ್ಟರು. ಗಾಜಿನ ಹಿಂದೆ ಧೃತಿ ಕಿಲಕಿಲ ನಕ್ಕಳು.

ನಕ್ಕವಳು ಥಟ್ಟನೆ ತಾಯಿಯ ಕೈ ಎಳೆದಳು. "ನಾನೂ. ಹುಲ್ಲು."

ವನಜಾಕ್ಷಿ ಅವಳನ್ನು ತನ್ನತ್ತ ಎಳೆದುಕೊಂಡಳು. "ಬೇಡ ಪುಟ್ಟಾ, ಅಲ್ಲಿ ಸದ್ದು..."

"ಸದ್ದು ಬೇಡ ಅಂತ ಹೇಳು," ಎಂದಳು ಧೃತಿ.

ಇಷ್ಟು ವರ್ಷ ವನಜಾಕ್ಷಿ ಮಗಳನ್ನು ಸದ್ದಿನಿಂದ ದೂರ ಎಳೆದೊಯ್ದಿದ್ದಳು. ಸದ್ದನ್ನೇ ನಿಲ್ಲಿಸಿ ಎಂದು ಯಾರನ್ನೂ ಕೇಳಿರಲಿಲ್ಲ... ಅವಳು ಮಿಸ್ರಿಯಾಳ ಕಡೆ ತಿರುಗಿದಳು. "ಸ್ಪೀಕರ್ ನಿಲ್ಲಿಸೋಕಾಗುತ್ತಾ?"

ಮಿಸ್ರಿಯಾ ಆಗಲೇ ವಾಕಿಟಾಕಿ ಬಾಯಿಗೆ ಹಿಡಿದಿದ್ದಳು. ಸ್ಪೀಕರ್ ನಿಂತಿತು. ಯಾರೂ ಕೂಗಬಾರದು, ಚಪ್ಪಾಳೆ ಹೊಡೆಯಬಾರದು ಎಂಬ ಮಾತು ಕೆಳಗಿನವರಿಗೂ ಹೋಯಿತು.

ಸುರಂಗದಲ್ಲಿ ಧೃತಿ ಮೊದಲು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಡೆದಳು. ಅರ್ಧ ದಾರಿಗೆ ಒಂದು ಕೈ ಇಳಿಯಿತು... ಬೆಳಕು ಕಂಡಾಗ ಇನ್ನೊಂದು.

ಆಚೆ ತುದಿಯಲ್ಲಿ ಸಂಘದವರೆಲ್ಲ ಎರಡು ಸಾಲಾಗಿ ನಿಂತಿದ್ದರು. ಅಧ್ಯಕ್ಷರ ಬಾಯಿ ಏನೋ ಹೇಳಲು ತೆರೆಯಿತು. ಅತ್ತೆಯ ಒಂದು ನೋಟಕ್ಕೆ ಮುಚ್ಚಿತು.

ಧೃತಿ ಆ ಸಾಲುಗಳ ನಡುವೆ ತಲೆಯೆತ್ತಿ ನಡೆದಳು. ಹುಲ್ಲಿನ ಮೇಲೆ ನಿಂತಳು. ಗೋಲು ಹೊಡೆದ ಆಟಗಾರ್ತಿಯಂತೆ ಎರಡೂ ತೋಳು ಚಾಚಿದಳು.

ಚಂದ್ರಮತಿಯಮ್ಮ ಮೆಲ್ಲನೆ ಮುಂದೆ ಬಂದರು. ಮಗುವನ್ನು ಮುಟ್ಟದೆ, ಅದರ ಮುಖದ ಮುಂದೆ ಎರಡೂ ಕೈ ನಿವಾಳಿಸಿ, ತಮ್ಮ ಹಣೆಯ ಎರಡೂ ಬದಿಗೆ ಬೆರಳೊತ್ತಿ ಲಟಿಕೆ ಮುರಿದರು... ದೃಷ್ಟಿ ತೆಗೆದರು.

ಸಾವಿರಾರು ಜನ ಹಿಡಿಸುವ ಆ ಸ್ಟೇಡಿಯಮ್ಮಿನಲ್ಲಿ ಆಗ ಕೇಳಿಸಿದ್ದು ಆ ಲಟಿಕೆಯ ಸದ್ದೊಂದೇ. ಧೃತಿ ಕಿವಿ ಮುಚ್ಚಿಕೊಳ್ಳಲಿಲ್ಲ.

ವನಜಾಕ್ಷಿಗೆ ಕಣ್ಣೀರು ತಡೆಯಲಾಗಲಿಲ್ಲ. 'ಪಾಪ' ಅನ್ನಿಸಿಕೊಂಡ ಮಗುವಿಗೆ ಯಾರೂ ದೃಷ್ಟಿ ತೆಗೆಯುವುದಿಲ್ಲ... ಕಣ್ಣು ತಾಗುವಷ್ಟು ಚೆಂದವಾಗಿ ಬಾಳುವ ಮಗುವಿಗೆ ಮಾತ್ರ ತೆಗೆಯುತ್ತಾರೆ.

*

ಕನಿಕರ ಎಲ್ಲರೂ ಕೊಡುತ್ತಾರೆ... ಜಾಗ ಕೊಡುವವರೇ ದೊಡ್ಡವರು.

ನಿಮ್ಮ ಬೀದಿಯಲ್ಲೂ ಅಂಥ ಒಂದು ಮಗು ಇರಬಹುದು... ಅದಕ್ಕಾಗಿ ನೀವು ಎಂದಾದರೂ ನಿಮ್ಮ ಸದ್ದು ತಗ್ಗಿಸಿದ್ದೀರಾ?