ಹದಿಮೂರನೆಯ ಕುತ್ತಿಗೆ

ಹದಿಮೂರನೆಯ ಇಲಿಯನ್ನು ಮೂರು ಗಂಟೆಗೆ ಕೊಯ್ಯಬೇಕಿತ್ತು. ಎರಡೂವರೆಗೇ ದರ್ಜಿ ಹೆಂಡತಿ ಸಮೇತ ಬಂದು, ಪ್ರಯೋಗಾಲಯದವರು ಕೊಟ್ಟ ನೀಲಿ ನಿಲುವಂಗಿ ತೊಟ್ಟು, ಅದರ ಪಂಜರದ ಮುಂದೆ ಸ್ಟೂಲು ಎಳೆದುಕೊಂಡು ಕೂತೇಬಿಟ್ಟ. ಅವನ ನಾಲಿಗೆಯಿಂದ ತೆಗೆದ ಕ್ಯಾನ್ಸರ್ ಗಡ್ಡೆಯನ್ನೇ ಚೂರು ಮಾಡಿ ಸಂಶೋಧಕಿ ಹದಿಮೂರು ಇಲಿಗಳ ನಾಲಿಗೆಗೆ ನೆಟ್ಟಿದ್ದಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನೂ ಅವನೇ. ಎದ್ದು ಹೋಗಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ದರ್ಜಿ ಏನೋ ಗೊಣಗಿದ. ಆ ಅರ್ಧ ನಾಲಿಗೆಯ ಮಾತು ತಿಳಿಯುತ್ತಿದ್ದುದು ಹೆಂಡತಿಗೊಬ್ಬಳಿಗೇ.

"ಎಲ್ಲಿಗೆ ಬಂತು ಅಂತ ಕೇಳ್ತಿದಾರೆ."

"ಆರು ಇಲಿಗಳಲ್ಲಿ ಕುತ್ತಿಗೆಯ ಗ್ರಂಥಿಗೆ ಹರಡಿದೆ. ಆರರಲ್ಲಿ ಇಲ್ಲ."

"ಅಯ್ಯೋ, ಹಾಗಾದ್ರೆ ಎಲ್ಲಾ ಇದರ ಮೇಲೇ ನಿಂತಿದೆ!" ಹೆಂಡತಿ ಪಂಜರಕ್ಕೆ ಮೂಗು ತಾಗಿಸಿದಳು. "ಗುರುವಾರ ಕುತ್ತಿಗೇನೂ ಕೊಯ್ಸೋದಾ, ಕಾದು ನೋಡೋದಾ, ನೀವೇ ಹೇಳಿ ಅಂದಿದಾರೆ ಸರ್ಜನ್. ಇವರಿಗೋ, ದಾರದ ಬಣ್ಣ ಆರಿಸೋಕೂ ನಾನೇ ಬೇಕು. ಇಲಿ ಹೇಳಿದ ಹಾಗಾಗ್ಲಿ ಅಂತ ಪಟ್ಟು ಹಿಡಿದು ಕೂತಿದಾರೆ."

"ಅಮ್ಮಾ, ಇಲಿಯದು ಇಲಿಗೆ. ಇವರ ಕುತ್ತಿಗೇಲಿ ಏನಿದೆ ಅಂತ ಅದು ಹೇಳಲ್ಲ."

ದರ್ಜಿ ತಲೆಯಾಡಿಸಿದ, ಹಳೇ ಅಳತೆಯೇ ಸಾಕು ಎನ್ನುವ ಗಿರಾಕಿಯ ಮಾತಿಗೆ ಒಪ್ಪದೆಯೇ ಆಡಿಸುವ ಹಾಗೆ. ನೆನೆಸಿ ಮೆತ್ತಗೆ ಮಾಡಿದ ತಿಂಡಿಯನ್ನು ಇಲಿ ಬಾಯಿಯ ಒಂದೇ ಬದಿಯಿಂದ ಮೆಲ್ಲುತ್ತಿತ್ತು. ತಾನೂ ಹಾಗೇ ತಿನ್ನುವುದು ಎಂದು ಅವನು ಕೆನ್ನೆ ಮುಟ್ಟಿ ತೋರಿಸಿದ. ಮತ್ತೇನೋ ಗೊಣಗಿದ.

"ಹರಡದೇ ಇರೋ ಆ ಆರು ಎಲ್ಲಿವೆ, ಒಂಚೂರು ತೋರ್ಸಿ ಅಂತಾರೆ. ನೋಡಿದ್ರೆ ಧೈರ್ಯ ಬರುತ್ತಂತೆ."

ಸಂಶೋಧಕಿ ಸರಿಯಾಗಿಯೇ ಇದ್ದ ಕೈಗವಸನ್ನು ಸರಿಮಾಡಿಕೊಂಡಳು. "ಹರಡಿಲ್ಲ ಅಂತ ಗೊತ್ತಾಗಿದ್ದೇ... ಬಿಚ್ಚಿ ನೋಡಿದ ಮೇಲೆ."

"ಬಿಚ್ಚಿದ್ದನ್ನ ಮತ್ತೆ ಹೊಲೀಲಿಲ್ವಾ?"

ಈ ಸಲ ಹೆಂಡತಿಯ ನೆರವು ಬೇಕಾಗಲಿಲ್ಲ. ದರ್ಜಿಯ ಮಾತು ಒಂದಕ್ಷರವೂ ತಪ್ಪದೆ ಕೇಳಿಸಿತು.

"ಹನ್ನೆರಡೂ ಹೋದ್ವಾ?" ಹೆಂಡತಿ ಕೇಳಿದಳು. "ಹರಡಿದ್ದೂ, ಹರಡದೇ ಇದ್ದಿದ್ದೂ?"

"ಹನ್ನೆರಡೂ."

ಮೂರಕ್ಕೆ ಐದು ನಿಮಿಷವಿತ್ತು. ದರ್ಜಿ ಎದ್ದು, ಬಗ್ಗಿ, ಇಲಿಯ ಕುತ್ತಿಗೆಯನ್ನು ಬಲು ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ.

"ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಎಂದು ಅವಳು ಸಿಡುಕಿದಳು. ಅವನು ಮತ್ತೆ ಅದನ್ನೇ ಹೇಳಿದ. ಅವಳು ಸಂಶೋಧಕಿಯ ಕಡೆಗೆ ತಿರುಗಿದಾಗ ದನಿ ಇಳಿದಿತ್ತು.

"ಇದನ್ನ ಇವತ್ತು ಬಿಡ್ಬೇಕಂತೆ. ಮೊದಲು ಗುರುವಾರ ಇವರ ಕುತ್ತಿಗೆ ಬಿಚ್ಚಿ ನೋಡ್ಲಿ ಅಂತಾರೆ. ಇವರನ್ನಾದ್ರೆ ವಾಪಸ್ ಹೊಲೀತಾರಲ್ಲ. ಅಲ್ಲೇನು ಸಿಕ್ತು ಅಂತ ನಾನೇ ಬಂದು ಇದಕ್ಕೆ ಹೇಳ್ಬೇಕಂತೆ."

ಅವರು ಹೋದ ಮೇಲೆ ಸಂಶೋಧಕಿ ಪಂಜರದ ಚೀಟಿಯಲ್ಲಿ ಅಂದಿನ ತಾರೀಕನ್ನು ಹೊಡೆದುಹಾಕಿ ಶುಕ್ರವಾರದ್ದು ಬರೆದಳು. 'ತಡಕ್ಕೆ ಕಾರಣ' ಎಂಬಲ್ಲಿ ಬರೆದಳು: ಇನ್ನೊಂದು ಪ್ರಾಣಿಯ ವರದಿ ಬರಬೇಕಿದೆ.